ಮಲೆನಾಡಿನ ಅಂಗಳಕ್ಕೂ ಕೊಟ್ಟಿಗೆಗೂ ನಾನು ಹುಲ್ಲು ಬೆಳೆಸಿದ್ದು

ತೀರ್ಥಹಳ್ಳಿ ಕಡೆ ನಮ್ಮದೊಂದು ಸಣ್ಣ ಹೋಂಸ್ಟೇ, ಅಡಿಕೆ ತೋಟ, ಕೊಟ್ಟಿಗೆ ತುಂಬ ದನ. ಬಂದವರು ಅಂಗಳ ನೋಡಿ ಇದು ಯಾವ ಫಾರಿನ್ ಹುಲ್ಲು ಅಂತ ಕೇಳುತ್ತಾರೆ. ಕೆಲವರು ಅಮೆರಿಕದ ಮಕ್ಕಳ ಮನೆಯಲ್ಲಿ ಬ್ಲೂಗ್ರಾಸ್ ನೋಡಿ ಬಂದಿರುತ್ತಾರೆ. ಅದನ್ನೇ ಹಾಕಬಹುದಲ್ವಾ ಅನ್ನುವುದು ಅವರ ಸಲಹೆ.

ಹಾಕಬಹುದು, ಉಳಿಯುವುದಿಲ್ಲ. ಕೆಂಟಕಿ ಬ್ಲೂಗ್ರಾಸ್ ಚಳಿ ಸೀಮೆಯ ಹುಲ್ಲು. ಮೂಲ ಯುರೋಪ್ ಮತ್ತು ಉತ್ತರ ಏಷ್ಯಾ. ಅಮೆರಿಕಕ್ಕೆ ಹೋಗಿದ್ದು ವಲಸೆ ಹೋದವರ ಜೊತೆ. 15ರಿಂದ 24 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನಾಗಿ ಬೆಳೆಯುತ್ತದೆ, 30 ದಾಟಿದರೆ ಸೊರಗುತ್ತದೆ. ಅಮೆರಿಕದ ಕೆಂಟಕಿ ರಾಜ್ಯದಲ್ಲಿ ವರ್ಷಕ್ಕೆ ಸುಮಾರು 1,200 ಮಿ.ಮೀ. ಮಳೆ, ಅದೂ ಹನ್ನೆರಡು ತಿಂಗಳಿಗೆ ಹಂಚಿಕೊಂಡು. ನಮ್ಮ ಪಕ್ಕದ ಆಗುಂಬೆಯಲ್ಲಿ 7,000 ಮಿ.ಮೀ. ಆಸುಪಾಸು, ಬಹುಪಾಲು ನಾಲ್ಕೇ ತಿಂಗಳಲ್ಲಿ. ನಮ್ಮೂರಲ್ಲಿ ಅಷ್ಟಿಲ್ಲ. ಆದರೂ ಪುನರ್ವಸು, ಪುಷ್ಯ ಮಳೆಯಲ್ಲಿ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ.

ಕುತೂಹಲಕ್ಕೆ ಬಾವಿಕಟ್ಟೆ ಪಕ್ಕ ಒಂದು ಸಣ್ಣ ಮಡಿಯಲ್ಲಿ ಬಿತ್ತಿ ನೋಡಿದೆ. ದೀಪಾವಳಿ ಕಳೆದ ಮೇಲೆ ಹಾಕಿದ ಬೀಜ ಮೊಳೆಯಲು ಸುಮಾರು ಮೂರು ವಾರ ತೆಗೆದುಕೊಂಡಿತು. ಈ ಜಾತಿಯ ಸ್ವಭಾವವೇ ಹಾಗೆ. ಚಳಿ ಮುಗಿಯುವವರೆಗೆ ಕಡು ಹಸಿರು, ಬಹಳ ಚಂದ. ಶಿವರಾತ್ರಿ ದಾಟುತ್ತಿದ್ದಂತೆ ತುದಿ ಒಣಗಿತು. ನೀರು ಕೊಟ್ಟು ಬೇಸಿಗೆ ದಾಟಿಸಿದೆ. ಮಳೆ ಹಿಡಿದ ಕೂಡಲೇ ಬುಡದಿಂದ ಕೊಳೆಯಿತು. ಅಲ್ಲಿಗೆ ಆ ಲೆಕ್ಕ ಮುಗಿಯಿತು.

ಆದರೆ ಅಮೆರಿಕದವರು ಅದನ್ನು ನೋಡಿಕೊಳ್ಳುವ ಕ್ರಮ ನನಗೆ ಉಪಯೋಗಕ್ಕೆ ಬಂತು. ಬ್ಲೂಗ್ರಾಸ್ ಮಣ್ಣಿನೊಳಗೆ ಕಾಂಡ ಹರಡಿಕೊಂಡು ಹೋಗುತ್ತದೆ. ಹಾಗಾಗಿ ಕುದುರೆ, ದನ ತುಳಿದರೂ ಮತ್ತೆ ಚಿಗುರುತ್ತದೆ. ನಮ್ಮ ಗರಿಕೆಯೂ ಹಾಗೇ, ಮಣ್ಣಿನೊಳಗೂ ಮೇಲೂ ಎರಡೂ ಕಡೆ ಓಡುತ್ತದೆ. ಬಿಸಿಲಿಗಂತೂ ಬ್ಲೂಗ್ರಾಸ್‌ಗಿಂತ ಎಷ್ಟೋ ಗಟ್ಟಿ. ಒಂದೇ ಕೊರತೆ, ಗರಿಕೆಗೆ ನೆರಳು ಆಗುವುದಿಲ್ಲ.

ಅದಕ್ಕೇ ಅಂಗಳವನ್ನು ಎರಡು ಭಾಗ ಮಾಡಿದೆ. ಮಧ್ಯಾಹ್ನದ ಬಿಸಿಲು ಬೀಳುವ ಕಡೆ ಗರಿಕೆ. ಹಲಸಿನ ಮರದ ನೆರಳಿನ ಕಡೆ ಅಗಲ ಎಲೆಯ ಕಾರ್ಪೆಟ್ ಹುಲ್ಲು. ಇದೂ ಮೂಲದಲ್ಲಿ ಹೊರಗಿನದೇ, ಅಮೆರಿಕ ಖಂಡದ ಬಿಸಿ ಸೀಮೆಯದ್ದು. ಈಗ ನಮ್ಮ ರಸ್ತೆ ಬದಿ, ತೋಟದಂಚಲ್ಲಿ ತಾನೇ ಹಬ್ಬಿಕೊಂಡಿದೆ. ಹುಳಿ ಮಣ್ಣು, ತೇವ, ನೆರಳು ಮೂರನ್ನೂ ತಾಳಿಕೊಳ್ಳುತ್ತದೆ. ದುಡ್ಡು ಕೊಟ್ಟು ತರಬೇಕಾಗಿಯೇ ಇರಲಿಲ್ಲ.

ನಾನು ಜಾಸ್ತಿ ಕಷ್ಟಪಟ್ಟಿದ್ದು ನೆಲ ತಯಾರು ಮಾಡಲು. ಜಂಬಿಟ್ಟಿಗೆ ಮಣ್ಣು, ಮೇಲೆ ಮೆದು, ಒಂದು ಗೇಣು ಕೆಳಗೆ ಗಟ್ಟಿ. ನೀರು ನಿಂತರೆ ಯಾವ ಹುಲ್ಲೂ ಬರುವುದಿಲ್ಲ, ಪಾಚಿ ಬರುತ್ತದೆ. ಮೊದಲು ಮನೆಯಿಂದ ಆಚೆಗೆ ಇಳಿಜಾರು ಕೊಟ್ಟು, ಅಂಚಿಗೆ ಬಸಿಗಾಲುವೆ ತೆಗೆಸಿದೆ. ಹಂಚಿನ ನೀರು ಬೀಳುವ ಜಾಗದಲ್ಲಿ ಹುಲ್ಲಿನ ಆಸೆ ಬಿಟ್ಟು ಜಲ್ಲಿ ಹಾಕಿಸಿದೆ. ಆಮೇಲೆ ಜೇಕು ಅನ್ನುವ ಕಳೆಯ ಗಡ್ಡೆ. ಗುದ್ದಲಿಯಲ್ಲಿ ಕಡಿದರೆ ಒಂದು ಹತ್ತಾಗುತ್ತದೆ. ಮಣ್ಣು ಸಡಿಲ ಮಾಡಿ ಕೈಯಲ್ಲೇ ಆರಿಸಬೇಕು. ಬೇರೆ ದಾರಿ ನನಗೆ ಸಿಕ್ಕಿಲ್ಲ. ಮುಟ್ಟಿದರೆ ಮುನಿಯನ್ನು ಹೂ ಬಿಡುವ ಮೊದಲೇ ಕಿತ್ತರೆ ಸಾಕು.

ನೆಡುವ ಕಾಲದ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಮಳೆ ಶುರುವಾದಾಗ ನೆಡಿ ಅನ್ನುತ್ತಾರೆ. ಬಯಲುಸೀಮೆಗೆ ಸರಿ. ಇಲ್ಲಿ ಆರಿದ್ರಾ ಮಳೆಯಲ್ಲಿ ನೆಟ್ಟರೆ ಬಳ್ಳಿಯ ಜೊತೆ ಮಣ್ಣೂ ಹೊಳೆ ಸೇರುತ್ತದೆ. ಮಘೆ ಮಳೆ ಕಳೆದು, ಆಗಾಗ ಬಿಸಿಲು ಬೀಳುವಾಗ ಬಳ್ಳಿಯ ತುಂಡುಗಳನ್ನು ನಾಲ್ಕು ಬೆರಳು ಅಂತರದಲ್ಲಿ ಊರಿದರೆ ಚಳಿಗಾಲದೊಳಗೆ ನೆಲ ಮುಚ್ಚುತ್ತದೆ. ಕೊಳೆತ ಕೊಟ್ಟಿಗೆ ಗೊಬ್ಬರವನ್ನು ಜರಡಿ ಹಿಡಿದು ಮೇಲೆ ತೆಳ್ಳಗೆ ಚೆಲ್ಲುತ್ತೇನೆ. ಹಸಿ ಗೊಬ್ಬರ ಹಾಕಿದರೆ ಕಳೆ ಬೀಜವನ್ನು ನಾವೇ ಬಿತ್ತಿದ ಹಾಗೆ.

ಕತ್ತರಿಸುವ ಎತ್ತರವನ್ನು ಬ್ಲೂಗ್ರಾಸಿನವರಿಂದ ಕಲಿತೆ. ಒಂದು ಸಲಕ್ಕೆ ಹುಲ್ಲಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬಾರದು. ನಮ್ಮಲ್ಲಿ ವೀಡ್ ಕಟರ್ ಕೈಗೆ ಬಂದರೆ ಸಾಕು, ನೆಲ ಕಾಣುವವರೆಗೆ ಬೋಳಿಸಿಬಿಡುತ್ತಾರೆ! ಕಾರ್ಪೆಟ್ ಹುಲ್ಲನ್ನು ನಾನು ಎರಡು ಇಂಚಿಗೆ ಇಡುತ್ತೇನೆ, ಮಳೆಗಾಲದಲ್ಲಿ ಇನ್ನೂ ಸ್ವಲ್ಪ ಎತ್ತರ. ಮೋಡದ ದಿನಗಳಲ್ಲಿ ಎಲೆ ಜಾಸ್ತಿ ಇದ್ದರೇ ಬೇರಿಗೆ ಆಹಾರ. ತುಂಬ ಉದ್ದ ಬಿಡಲೂ ಆಗುವುದಿಲ್ಲ, ಉಂಬಳ (ಜಿಗಣೆ) ಸೇರಿಕೊಳ್ಳುತ್ತವೆ. ಅತಿಥಿಗಳ ಕೂಗು ಆಗ ಗೇಟಿನವರೆಗೂ ಕೇಳುತ್ತದೆ.

ಕತ್ತರಿಸಿದ್ದನ್ನು ಅಲ್ಲೇ ಬಿಟ್ಟರೆ ಗೊಬ್ಬರ ಆಗುತ್ತದೆ ಅನ್ನುವುದು ಅವರ ಪದ್ಧತಿ. ಬೇಸಿಗೆಯಲ್ಲಿ ನಾನೂ ಬಿಡುತ್ತೇನೆ. ಮಳೆಗಾಲದಲ್ಲಿ ಬಿಟ್ಟರೆ ಅಂಟಂಟಾಗಿ ಕೊಳೆತು ಕೆಳಗಿನ ಹುಲ್ಲನ್ನೂ ಕೊಲ್ಲುತ್ತದೆ. ಆಗ ಗುಡಿಸಿ ದನಕ್ಕೆ.

ಬೇಸಿಗೆಯಲ್ಲಿ ದಿನಾ ಚಿಮುಕಿಸುವ ಬದಲು ನಾಲ್ಕೈದು ದಿನಕ್ಕೊಮ್ಮೆ ಚೆನ್ನಾಗಿ ನೆನೆಸುತ್ತೇನೆ, ಬೇರು ಕೆಳಗಿಳಿಯುತ್ತದೆ. ಪೈಪ್ ಹಿಡಿದದ್ದು ಮೊದಲ ಸಲ ನೋಡಿದಾಗ ನಮ್ಮತ್ತೆ, "ಬ್ಯಾಣಕ್ಕೆ ಯಾರಾದ್ರೂ ನೀರು ಬಿಟ್ಟಿದ್ದು ಕಂಡಿದ್ಯೇನೇ?" ಅಂದಿದ್ದರು.

ಅವರು ಹೇಳಿದ ಬ್ಯಾಣವೇ ನಮ್ಮ ನಿಜವಾದ ಹುಲ್ಲುಗಾವಲು. ಮಲೆನಾಡು ಗಿಡ್ಡ ದನಗಳು ಅಲ್ಲೇ ಮೇಯ್ದು ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಈಗ ಯುಪಟೋರಿಯಂ ಕಳೆ ಕಡಿದು, ಬ್ಯಾಣವನ್ನು ಮೂರು ಪಾಲು ಮಾಡಿ, ಒಂದೊಂದರಲ್ಲೇ ಸರದಿಯಂತೆ ಮೇಯಿಸುತ್ತೇವೆ. ಬಿಟ್ಟ ಪಾಲು ಮತ್ತೆ ಒಂದು ಗೇಣು ಬೆಳೆಯುವವರೆಗೆ ಅಲ್ಲಿಗೆ ದನ ಬಿಡುವುದಿಲ್ಲ.

ಹಾಲಿನ ಜರ್ಸಿಗೆ ಬ್ಯಾಣ ಸಾಲುವುದಿಲ್ಲ. ಅದಕ್ಕೆ ಕೆಳಗಿನ ಖಾಲಿ ಗದ್ದೆಯಲ್ಲಿ ಏರು ಮಾಡಿ ಸಿಒ-4 ನೇಪಿಯರ್ ಅನ್ನುವ ಮೇವಿನ ಹುಲ್ಲು ಹಾಕಿದ್ದೇವೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ತಳಿ. ಎರಡು ಗೆಣ್ಣಿನ ತುಂಡು ನೆಟ್ಟರೆ ಎರಡೂವರೆ ತಿಂಗಳಿಗೆ ಮೊದಲ ಕಟಾವು, ಆಮೇಲೆ ಒಂದೂವರೆ ತಿಂಗಳಿಗೊಮ್ಮೆ. ಇದು ಗರಿಕೆಯ ಹಾಗೆ ಹರಿದು ಹಬ್ಬುವುದಿಲ್ಲ, ಬುಡ ಬುಡವಾಗಿ ನಿಲ್ಲುತ್ತದೆ. ದನ ಬಿಟ್ಟು ಮೇಯಿಸಿದರೆ ಬುಡವೇ ಹಾಳು, ಕೊಯ್ದೇ ಹಾಕಬೇಕು. ಹುಳಿ ಮಣ್ಣಿಗೆ ಮಣ್ಣು ಪರೀಕ್ಷೆಯ ಚೀಟಿ ನೋಡಿಕೊಂಡು ಸುಣ್ಣ ಹಾಕಿದೆವು. ಸುಣ್ಣ ಮತ್ತು ಯೂರಿಯಾ ಒಟ್ಟಿಗೆ ಹಾಕಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ.

ನೇಪಿಯರ್ ಒಂದನ್ನೇ ತಿನ್ನಿಸುವವರಿಗೆ ಒಂದು ಮಾತು. ಅದರಲ್ಲಿ ಆಕ್ಸಲೇಟ್ ಅನ್ನುವ ಅಂಶ ಜಾಸ್ತಿ, ದನಕ್ಕೆ ಸಿಗಬೇಕಾದ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಎಳೆಯದರಲ್ಲಿ ಇನ್ನೂ ಜಾಸ್ತಿ. ನಾವು ಅಲಸಂದೆ ಬಳ್ಳಿ, ಬೇಲಿಯ ಗ್ಲಿರಿಸಿಡಿಯಾ ಸೊಪ್ಪು, ಒಣಹುಲ್ಲು ಬೆರೆಸಿ ಕತ್ತರಿಸಿ ಹಾಕುತ್ತೇವೆ, ಜೊತೆಗೆ ಖನಿಜ ಮಿಶ್ರಣ. ಮಳೆಗಾಲದ ಹುಲ್ಲಿನಲ್ಲಿ ನೀರೇ ಜಾಸ್ತಿ. ಬೆಳಿಗ್ಗೆ ಕೊಯ್ದದ್ದನ್ನು ಜಗಲಿಯಲ್ಲಿ ಹರಡಿ ಸಂಜೆ ಹಾಕಿದರೆ ಸಗಣಿ ಗಟ್ಟಿಯಾಗಿರುತ್ತದೆ.