ಕೋಲಾರದಲ್ಲಿ ಎರಡನೇ ಸಲ ಬಸ್ಸಿಳಿದಾಗ

ತಿರುಪತಿಯಿಂದ ಹಿಂದಿರುಗುವ ಪ್ರವಾಸಿ ಬಸ್ಸುಗಳಲ್ಲಿ ಕೆಲವು ಕೋಲಾರದಲ್ಲಿ ನಾಲ್ಕೈದು ಗಂಟೆ ನಿಲ್ಲುತ್ತವೆ. ಮೊದಲ ಸಲ ಬಂದವರು ಏನೇನು ನೋಡುತ್ತಾರೆ ಎಂಬುದು ನಮ್ಮೂರಿನವರಿಗೆ ಬಾಯಿಪಾಠ: ಅಂತರಗಂಗೆಯ ಬಸವನ ಬಾಯಿಂದ ಬೀಳುವ ನೀರು, ಕಮ್ಮಸಂದ್ರದ ಕೋಟಿಲಿಂಗೇಶ್ವರ, ಚಿನ್ನದ ಗಣಿಯ ಊರು ಎಂದು ಕೆಜಿಎಫ್ ಕಡೆಗೊಂದು ಸುತ್ತು. ಎರಡನೇ ಸಲ ಬಂದಾಗ ತೊಡಕು ಶುರುವಾಗುತ್ತದೆ. ‘ಎಲ್ಲ ನೋಡಿದ್ದೇವಲ್ಲ’ ಎಂದು ಅರ್ಧ ಜನ ಬಸ್ಸಿನಲ್ಲೇ ನಿದ್ದೆಗೆ ಜಾರುತ್ತಾರೆ. ಉಳಿದವರು ಅದೇ ಬೆಟ್ಟವನ್ನು ಮತ್ತೆ ಹತ್ತಿ ಏದುಸಿರು ಬಿಡುತ್ತಾ ಓಡಿ ಬರುತ್ತಾರೆ.

ಕಳೆದ ವರ್ಷ ದಾವಣಗೆರೆಯಿಂದ ಬಂದಿದ್ದ ನಮ್ಮ ಚಿಕ್ಕಪ್ಪ, ಚಿಕ್ಕಮ್ಮನ ಪಾಡು ಇದೇ ಆಯಿತು. ಬೆಟ್ಟ ಇಳಿದು ಊರೊಳಗೆ ಬರುವಷ್ಟರಲ್ಲಿ ಗರ್ಭಗುಡಿಗಳ ಬಾಗಿಲು ಹಾಕಿತ್ತು. ‘ಅಮ್ಮನವರ ಮುಖ ಈ ಸಲವೂ ನೋಡಲಾಗಲಿಲ್ಲವಲ್ಲ’ ಎಂದು ಚಿಕ್ಕಮ್ಮ ಬಾಗಿಲ ಮುಂದೆ ನಿಂತು ಹೇಳಿದ ಮಾತು ನನ್ನನ್ನು ಇನ್ನೂ ಚುಚ್ಚುತ್ತದೆ. ಇದೇ ಊರಿನಲ್ಲಿದ್ದೂ ನಾನು ಅವರಿಗೆ ಮೊದಲೇ ತಿಳಿಸಿರಲಿಲ್ಲ. ಅದಕ್ಕೇ ಈಗ ವಿವರವಾಗಿ ಬರೆಯುತ್ತಿದ್ದೇನೆ.

ಹೊರಡುವ ಮುನ್ನ

ಮೊದಲ ಭೇಟಿಯಲ್ಲಿ ನೋಡಿದ್ದನ್ನೂ ಬಿಟ್ಟಿದ್ದನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಬಿಟ್ಟಿದ್ದರಲ್ಲಿ ಎರಡನ್ನು ಮಾತ್ರ ಆರಿಸಿ, ಮೂರನೆಯದನ್ನು ಸಮಯ ಉಳಿದರೆ ನೋಡೋಣ ಎಂದಿಟ್ಟುಕೊಳ್ಳಿ. ಕೋಲಾರ ಊರೊಳಗಿನ ಎರಡು ದೇವಸ್ಥಾನ ಮತ್ತು ಒಂದು ಸಮಾಧಿ ಸಾಕು ಎಂಬುದು ನನ್ನ ಸಲಹೆ. ಪಟ್ಟಿ ಬೆಳೆಸಿದರೆ ಮತ್ತೆ ಓಟವೇ ಗತಿ.

ಬಸ್ಸು ಹೊರಡುವ ಹೊತ್ತನ್ನು ಚಾಲಕರ ಬಾಯಿಂದಲೇ ಕೇಳಿ ತಿಳಿದುಕೊಳ್ಳಿ. ಅದರಲ್ಲಿ ಅರ್ಧ ಗಂಟೆ ಕಳೆಯಿರಿ. ಉಳಿದಷ್ಟು ನಿಮ್ಮದು. ಬೆಳಗಿನ ನಿಲುಗಡೆಯಾದರೆ ಅದೃಷ್ಟ. ಮಧ್ಯಾಹ್ನದಲ್ಲಿ ಪೂಜೆ ಮುಗಿಸಿ ಬಾಗಿಲು ಹಾಕುವ ಪದ್ಧತಿ ಇರುವುದರಿಂದ ದೇವಸ್ಥಾನಗಳನ್ನು ಮೊದಲು ನೋಡಿ, ಸಮಾಧಿ ಮತ್ತು ಪೇಟೆಯನ್ನು ಆಮೇಲಕ್ಕೆ ಇಟ್ಟುಕೊಳ್ಳಬೇಕು.

ಇನ್ನೊಂದು ಉಪಾಯ: ಚಿತ್ತೂರು, ಪಲಮನೇರು ದಾಟಿ ಬರುವ ಬಸ್ಸು ಕೋಲಾರಕ್ಕೂ ಮೊದಲು ಮುಳಬಾಗಿಲನ್ನು ಹಾದು ಬರುತ್ತದೆ. ತಿಂಡಿ ಅಲ್ಲೇ ಆಗಲಿ ಎಂದು ಎಲ್ಲರೂ ಸೇರಿ ಚಾಲಕರನ್ನು ಕೇಳಿಕೊಳ್ಳಿ. ದಪ್ಪನೆಯ, ತುಪ್ಪ ಸವರಿದ ಮುಳಬಾಗಿಲು ದೋಸೆಯನ್ನು ಅದರ ಊರಿನಲ್ಲೇ ತಿಂದಂತಾಗುತ್ತದೆ. ಕೋಲಾರದಲ್ಲಿ ಹೋಟೆಲು ಹುಡುಕುವ ಒಂದು ಗಂಟೆಯೂ ಉಳಿಯುತ್ತದೆ.

ಮೊದಲು ಕೋಲಾರಮ್ಮ

ಬಸ್ಸಿಳಿದವರು ಆಟೊ ಹಿಡಿದು ನೇರವಾಗಿ ಕೋಲಾರಮ್ಮನ ಗುಡಿಗೆ ಬನ್ನಿ. ಹತ್ತುವ ಮುನ್ನವೇ ಬಾಡಿಗೆ ಮಾತಾಡಿಕೊಳ್ಳಿ. ಕನ್ನಡದಲ್ಲಿ ಕೇಳಿದ್ದಕ್ಕೆ ತೆಲುಗಿನಲ್ಲಿ ಉತ್ತರ ಬಂದರೆ ಗಾಬರಿ ಬೇಡ. ಇದು ಎರಡೂ ಭಾಷೆಗಳ ಊರು. ಮತ್ತೊಮ್ಮೆ ಕನ್ನಡದಲ್ಲಿ ಕೇಳಿ, ಕನ್ನಡದಲ್ಲೇ ದಾರಿ ಹೇಳುತ್ತಾರೆ.

ಮೊದಲು ದೇವಿಯ ದರ್ಶನ ಮುಗಿಸಿಕೊಳ್ಳಿ. ಇಲ್ಲಿ ಎರಡು ಗುಡಿಗಳು ಒಂದಕ್ಕೊಂದು ಮೂಲೆಗೂಡಿ ನಿಂತಿವೆ. ಒಂದರಲ್ಲಿ ಮಹಿಷಮರ್ದಿನಿಯಾದ ಕೋಲಾರಮ್ಮ, ಇನ್ನೊಂದರಲ್ಲಿ ಸಪ್ತಮಾತೃಕೆಯರು. ಚೇಳಮ್ಮನನ್ನು ಮರೆಯಬೇಡಿ. ಚೇಳಿನ ಕಾಟದಿಂದ ಕಾಯುವ ತಾಯಿ ಎಂದು ನಮ್ಮವರು ನಂಬುವ ದೇವತೆ ಆಕೆ. ಅಲ್ಲಿ ನೆಲದಲ್ಲೇ ಕೊರೆದ ಹುಂಡಿಯಿದೆ, ಕಾಣಿಕೆ ಅದಕ್ಕೆ ಬೀಳುತ್ತದೆ. ಬರಿಗಾಲಲ್ಲಿ ರಾಗಿ ಹೊಲಕ್ಕಿಳಿದು ಬದುಕಿದ ಸೀಮೆಯಲ್ಲಿ ಚೇಳಿಗೊಬ್ಬಳು ದೇವಿ ಯಾಕೆ ಬೇಕಾಯಿತು ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಇನ್ನು ಈ ಭೇಟಿಯ ಮುಖ್ಯ ಕೆಲಸ: ಗೋಡೆ ಓದುವುದು. ಮೊದಲ ಸಲ ಬಂದವರು ಕೈಮುಗಿದು ಹೊರಟುಬಿಡುತ್ತಾರೆ. ಈ ಗುಡಿಯ ಗೋಡೆಗಳ ಮೇಲೆ ಚೋಳರ ಕಾಲದ ತಮಿಳು ಶಾಸನಗಳಿವೆ. ಕೋಲಾರವು ಗಂಗರ ಮೊದಲ ರಾಜಧಾನಿ. ಆಗ ಇದರ ಹೆಸರು ಕುವಳಾಲಪುರ. ಮುಂದೆ ರಾಜಧಾನಿ ತಲಕಾಡಿಗೆ ಹೋಯಿತು. ಆದರೂ ಗಂಗರಸರು ‘ಕುವಳಾಲಪುರವರೇಶ್ವರ’ ಎಂಬ ಬಿರುದನ್ನು ಕೊನೆಯವರೆಗೂ ಬಿಡಲಿಲ್ಲ. 1004ರ ಸುಮಾರಿಗೆ ಗಂಗವಾಡಿ ಚೋಳರ ಕೈಸೇರಿತು. ಗೋಡೆಯ ಅಕ್ಷರ ತಮಿಳಾಗಿರುವುದಕ್ಕೆ ಕಾರಣ ಇದು.

ತಮಿಳು ಬಾರದವರೂ ಆ ಅಕ್ಷರಗಳನ್ನು ಗುರುತು ಹಿಡಿಯಬಹುದು. ನಮ್ಮ ಅಕ್ಷರಗಳ ನೆತ್ತಿಯ ಮೇಲೆ ತಲಕಟ್ಟು ಇರುತ್ತದೆ, ಮೈ ದುಂಡಗಿರುತ್ತದೆ. ಗೋಡೆಯ ಮೇಲಿನ ತಮಿಳಿಗೆ ತಲಕಟ್ಟಿಲ್ಲ, ನೆಟ್ಟಗಿನ ಗೆರೆಗಳೇ ಹೆಚ್ಚು. ಮುಚ್ಚಳವಿಲ್ಲದ ಪೆಟ್ಟಿಗೆಯಂತೆ ಕಾಣುವುದು ‘ಪ’. ಬಡಗಿಯ ಮೂಲೆಮಟ್ಟವನ್ನು ನಿಲ್ಲಿಸಿದಂತೆ ಕಾಣುವುದು ‘ಟ’. ಈ ಎರಡನ್ನು ಮಕ್ಕಳಿಗೆ ತೋರಿಸಿಬಿಟ್ಟರೆ ಸಾಕು, ಗೋಡೆಯುದ್ದಕ್ಕೂ ಅವರೇ ಹುಡುಕುತ್ತಾ ಹೋಗುತ್ತಾರೆ. ರಾಜೇಂದ್ರ ಚೋಳನ ಶಾಸನಗಳು ‘ಸ್ವಸ್ತಿಶ್ರೀ’ಯ ಬೆನ್ನಿಗೆ ‘ತಿರುಮನ್ನಿ ವಳರ’ ಎಂದು ಶುರುವಾಗಿ, ಅವನು ಗೆದ್ದ ನಾಡುಗಳ ಪಟ್ಟಿ ಹೇಳುತ್ತವೆ. ಕಾಲವನ್ನು ಹೇಳುವುದು ಅರಸನ ಆಳ್ವಿಕೆಯ ಇಷ್ಟನೇ ವರ್ಷ ಎಂಬ ಲೆಕ್ಕದಲ್ಲಿ. ತಮಿಳು ಬಲ್ಲ ಸಹಪ್ರಯಾಣಿಕರಿದ್ದರೆ ಜೊತೆಗೆ ಕರೆದುಕೊಂಡು ಬನ್ನಿ.

ಅಕ್ಷರ ಮಾಸಿದ್ದರೆ ಹೀಗೆ ಮಾಡಿ. ಎದುರಿನಿಂದ ಬೆಳಕು ಬಿಟ್ಟರೆ ಕಲ್ಲು ಬೋಳಾಗಿ ಕಾಣುತ್ತದೆ. ಒಬ್ಬರು ಮೊಬೈಲಿನ ಟಾರ್ಚನ್ನು ಗೋಡೆಯ ಪಕ್ಕದಲ್ಲಿ, ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವಂತೆ ಹಿಡಿಯಲಿ. ಕೊರೆದ ತಗ್ಗಿನೊಳಗೆ ನೆರಳು ತುಂಬಿ, ಏನೂ ಇಲ್ಲವೆಂದುಕೊಂಡ ಜಾಗದಲ್ಲಿ ಸಾಲಿಗೆ ಸಾಲೇ ಎದ್ದು ನಿಲ್ಲುತ್ತದೆ. ಇನ್ನೊಬ್ಬರು ಫೋನನ್ನು ಗೋಡೆಗೆ ನೇರವಾಗಿ ಹಿಡಿದು ಚಿತ್ರ ತೆಗೆಯಲಿ. ಬೆಳಗಿನ ಓರೆ ಬಿಸಿಲು ಬೀಳುವ ಕಡೆ ಟಾರ್ಚೂ ಬೇಡ. ಕುಂಕುಮ, ಹಿಟ್ಟು, ಸೀಮೆಸುಣ್ಣ, ಎಣ್ಣೆ ಯಾವುದನ್ನೂ ಹಚ್ಚಬೇಡಿ. ಸಾವಿರ ವರ್ಷ ಉಳಿದ ಅಕ್ಷರ ನಮ್ಮ ಕೈಯಲ್ಲಿ ಹಾಳಾಗಬಾರದು. ಇದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವೂ ಹೌದು. ಗರ್ಭಗುಡಿಯೊಳಗೆ ಕ್ಯಾಮೆರಾ ಎತ್ತಬೇಡಿ. ಹೊರಗೂ ಒಂದು ಮಾತು ಕೇಳಿಯೇ ತೆಗೆಯಿರಿ.

ಮನೆಗೆ ಹೋದ ಮೇಲೆ ಶಾಸನದ ಅರ್ಥ ತಿಳಿಯಬೇಕೆನಿಸಿದರೆ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೇ ಸಂಪುಟವನ್ನು ದೊಡ್ಡ ಗ್ರಂಥಾಲಯಗಳಲ್ಲಿ ಕೇಳಿ. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಆ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯ ಶಾಸನಗಳದ್ದೇ. ನೀವು ತೆಗೆದ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಓದಿ.

ಹೊರಡುವ ಮೊದಲು ಯುದ್ಧದ ದೃಶ್ಯ ಕೆತ್ತಿದ ಕಲ್ಲುಫಲಕ ಎಲ್ಲಿದೆಯೆಂದು ಅರ್ಚಕರನ್ನು ಕೇಳಿ. ಆನೆ, ಕುದುರೆ, ಕಾಲಾಳು ಒಬ್ಬರ ಮೇಲೊಬ್ಬರು ಏರಿ ಹೋಗುವ ಆ ಕಲ್ಲಿನ ಮುಂದೆ ಹತ್ತು ನಿಮಿಷ ನಿಂತವರನ್ನು ಇನ್ನೂ ನಾನು ಕಂಡಿಲ್ಲ. ನೀವಾದರೂ ನಿಲ್ಲಿ.

ಅಲ್ಲಿಂದ ಸೋಮೇಶ್ವರ

ಎರಡು ಗುಡಿಗಳ ನಡುವೆ ಆಟೊ ಬೇಕಿಲ್ಲ, ನಡೆದುಕೊಂಡೇ ಹೋಗಬಹುದು. ಸೋಮೇಶ್ವರ ದೇವಸ್ಥಾನ ವಿಜಯನಗರದ ಕಾಲದ್ದು, ಕೋಲಾರಮ್ಮನ ಗುಡಿಗಿಂತ ಸುಮಾರು ಮುನ್ನೂರು ವರ್ಷ ಈಚಿನದು. ಒಂದನ್ನು ನೋಡಿದ ಕಣ್ಣಲ್ಲೇ ಇನ್ನೊಂದನ್ನು ನೋಡಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಅಲ್ಲಿ ಗೋಡೆಯೇ ಕಡತ, ಇಲ್ಲಿ ಕಂಬವೇ ಶಿಲ್ಪ. ಕೆಳಗೆ ಕಲ್ಲು, ಮೇಲೆ ಇಟ್ಟಿಗೆ ಗಾರೆಯಿಂದ ಎದ್ದ ಗೋಪುರವನ್ನು ದಾಟಿ ಒಳಗೆ ಬನ್ನಿ. ದರ್ಶನವಾದ ಮೇಲೆ ಪ್ರಾಕಾರದ ನೈಋತ್ಯ ಮೂಲೆಯ ಕಲ್ಯಾಣಮಂಟಪಕ್ಕೆ ಹೋಗಿ.

ಅಲ್ಲಿ ನೋಡಬೇಕಾದ ಕ್ರಮ ಒಂದೇ: ಒಂದು ಕಂಬವನ್ನು ಹಿಡಿಯಿರಿ, ಅದನ್ನು ಬುಡದಿಂದ ಬೋದಿಗೆಯವರೆಗೆ ಸುತ್ತು ಬಂದು ನೋಡಿ. ಸಿಂಹದಂಥ ಕಾಲ್ಪನಿಕ ಪ್ರಾಣಿಯಾದ ಯಾಳಿಯ ಬಾಯಿ, ಅದರ ಮೇಲೆ ಕೂತ ಸವಾರ, ಅವನ ಕಾಲ ಕಡಗ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಒಂದು ಕಂಬ ಮುಗಿಸಿದರೆ ಉಳಿದವುಗಳ ಕೈಕೆಲಸ ನಿಮಗೆ ಅರ್ಥವಾಗತೊಡಗುತ್ತದೆ.

ನೀವು ಬಂದ ದಾರಿಯಲ್ಲೇ ಬಂದವನು

ಹನ್ನೊಂದು ಗಂಟೆಯೊಳಗೆ ಇಷ್ಟಾದರೆ ಮಕ್ಬರಾಕ್ಕೆ ಹೊರಡಿ. ಹೈದರಾಲಿಯ ತಂದೆ ಫತೇ ಮಹಮ್ಮದನ ಸಮಾಧಿ ಇದು. ಹೈದರ್ ಹುಟ್ಟಿದ್ದು ಇದೇ ಜಿಲ್ಲೆಯ ಬೂದಿಕೋಟೆಯಲ್ಲಿ. 1782ರ ಡಿಸೆಂಬರ್ 7ರಂದು ಅವನು ಚಿತ್ತೂರಿನ ಹತ್ತಿರದ ಶಿಬಿರದಲ್ಲಿ ತೀರಿಕೊಂಡ. ದೇಹವನ್ನು ಮೊದಲು ಕೋಲಾರಕ್ಕೆ ತಂದು ತಂದೆಯ ಸಮಾಧಿಯಲ್ಲಿ ಇಟ್ಟರು. ಆಮೇಲೆ ಶ್ರೀರಂಗಪಟ್ಟಣದ ಗುಂಬಜ್‌ಗೆ ಒಯ್ದರು. ಚಿತ್ತೂರಿನ ಕಡೆಯಿಂದ ನೀವು ಈಗಷ್ಟೇ ಬಸ್ಸಿನಲ್ಲಿ ಬಂದಿದ್ದೀರಿ. ಆ ದೂರವನ್ನು ಮನಸ್ಸಿನಲ್ಲಿಟ್ಟುಕೊಂಡು ಸಮಾಧಿಯ ಮುಂದೆ ನಿಂತರೆ ಇತಿಹಾಸದ ಆ ಒಂದು ಸಾಲು ಬೇರೆಯೇ ಆಗಿ ಕೇಳಿಸುತ್ತದೆ. ಚಪ್ಪಲಿ ಹೊರಗೆ ಬಿಡಿ, ತಲೆಯ ಮೇಲೆ ಕರವಸ್ತ್ರ ಇದ್ದರೆ ಒಳ್ಳೆಯದು.

ಗುಡಿ ಗೋಪುರ ಸಾಕೆನಿಸಿದವರು ಮಕ್ಬರಾದ ಬದಲು ಎಪಿಎಂಸಿಯ ಟೊಮೆಟೊ ಮಾರುಕಟ್ಟೆ ನೋಡಬಹುದು. ಕೋಲಾರದ ಇಂದಿನ ಬದುಕು ಅಲ್ಲಿ ಕಾಣುತ್ತದೆ. ಸಾಲು ಸಾಲು ಬಾಕ್ಸುಗಳು, ಬಾಕ್ಸಿಗೆ 15 ಕಿಲೊ, ಹರಾಜು ಕೂಗುವವರ ಸುತ್ತ ರೈತರ ಗುಂಪು. ದರ ಕೂಗುವ ಹೊತ್ತಿನಲ್ಲಿ ರೈತನ ಮುಖ ನೋಡಿದರೆ ಆ ವರ್ಷದ ಬೆಳೆಯ ಕಥೆ ತಿಳಿಯುತ್ತದೆ. ದಾರಿಗೆ ಅಡ್ಡ ನಿಲ್ಲಬೇಡಿ. ಹೊರೆ ಹೊತ್ತ ಹಮಾಲರಿಗೆ ನಿಂತು ದಾರಿ ಬಿಡುವಷ್ಟು ಪುರುಸೊತ್ತಿರುವುದಿಲ್ಲ.

ಊಟ, ಕೈಚೀಲ

ಊಟಕ್ಕೆ ಮುದ್ದೆ ಹಾಕುವ ಹೋಟೆಲನ್ನೇ ಕೇಳಿ ಹೋಗಿ. ಬಸ್ಸಾರೋ ಮಸ್ಸೊಪ್ಪೋ ಸಿಕ್ಕರೆ ಅನ್ನದ ಊಟ ಬೇಡ. ಡಿಸೆಂಬರ್, ಜನವರಿಯಾದರೆ ಸೊಗಡಿನ ಅವರೆಕಾಯಿ ಕಟ್ಟಿಸಿಕೊಳ್ಳಿ. ಮೇ ಕೊನೆಯಿಂದ ಜುಲೈವರೆಗೆ ಶ್ರೀನಿವಾಸಪುರದ ಮಾವು. ದೂರದೂರಿನವರು ಕಾಯಿಯನ್ನೇ ಒಯ್ದರೆ ಮನೆಯಲ್ಲಿ ಹಣ್ಣಾಗುತ್ತದೆ.

ಬೆಟ್ಟದ ಮೇಲೆ ಮನಸ್ಸಿದ್ದವರಿಗೆ ಒಂದು ಮಾತು: ಎರಡು ಗಂಟೆಗಿಂತ ಕಡಿಮೆ ಉಳಿದಿದ್ದರೆ ಅಂತರಗಂಗೆಗೆ ಹೊರಡಬೇಡಿ. ಮೆಟ್ಟಿಲು ಹತ್ತಿಳಿಯುವುದರಲ್ಲೇ ಹೊತ್ತು ಹೋಗುತ್ತದೆ, ಕೋತಿಗಳು ಕೈಚೀಲವನ್ನೂ ಬಿಡುವುದಿಲ್ಲ.

ಹೇಳಿದ ಹೊತ್ತಿಗೆ ಹತ್ತು ನಿಮಿಷ ಮೊದಲೇ ಬಸ್ಸಿನ ಬಳಿ ಇರಿ. ಬೆಳಗಿನ ಚೀಟಿ ತೆಗೆದು ನೋಡಿದ್ದಕ್ಕೆ ಗೆರೆ ಹೊಡೆಯಿರಿ. ಅದರ ಕೆಳಗೆ ಎರಡು ಹೆಸರು ಬರೆದುಕೊಳ್ಳಿ: ನಾಲ್ವರು ಅಣ್ಣತಮ್ಮಂದಿರ ಹೆಸರಿನ ಲಿಂಗಗಳಿರುವ ಆವನಿ, ಒಂದೇ ಕಲ್ಲಿನ ಗಣಪನಿರುವ ಕುರುಡುಮಲೆ. ಎರಡೂ ಮುಳಬಾಗಿಲು ತಾಲ್ಲೂಕಿನಲ್ಲಿವೆ. ಮುಂದಿನ ಸಲ ದೋಸೆ ತಿಂದ ಮೇಲೆ ಚಾಲಕರು ಬಸ್ಸನ್ನು ಅತ್ತ ತಿರುಗಿಸುತ್ತಾರೆಯೇ ಎಂದು ಈಗಲೇ ಕೇಳಿಟ್ಟುಕೊಳ್ಳಿ.