ಮೀನಿನ ಬಲೆಯಲ್ಲಿ ಕುದುರೆಯ ಮೇವು

ನನ್ನ ಲಾಯದಲ್ಲಿ ಹೊಟ್ಟೆಶೂಲೆ ನಿಂತು ಎರಡು ಬೇಸಿಗೆಗಳು ಕಳೆದವು. ಬಾಗಲಕೋಟೆಯಂಥ ಊರಿನಲ್ಲಿ, ಮೇ ತಿಂಗಳ ಬಿಸಿಲು 40 ಡಿಗ್ರಿಯ ಆಸುಪಾಸಿನಲ್ಲಿ ಸುಡುವ ಕಡೆ, ಹತ್ತು ಹನ್ನೆರಡು ಕುದುರೆ ಕಟ್ಟಿಕೊಂಡವರಿಗೆ ಈ ಮಾತಿನ ತೂಕ ಗೊತ್ತು. ಮೊದಲೆಲ್ಲ ವರ್ಷಕ್ಕೆ ಐದಾರು ಸಲವಾದರೂ ಯಾವುದೋ ಒಂದು ಕುದುರೆ ನೆಲ ಕೆರೆಯುತ್ತ, ತಿರುಗಿ ತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತ, ಬೆವತು ನಿಂತಿರುತ್ತಿತ್ತು. ಅದನ್ನು ನಿಲ್ಲಿಸಿದ್ದು ಮೀನುಗಾರರ ಬಲೆ, ಒಣ ಹುಲ್ಲು ಮತ್ತು ರಾತ್ರಿಯೂ ತೆರೆದಿಟ್ಟ ಬಾಗಿಲು. ಇವನ್ನು ನೋಡಿ ನಕ್ಕವರಲ್ಲಿ ಕೆಲವರು ಈಗ ತಮ್ಮ ಕುದುರೆಗಳನ್ನು ನನ್ನಲ್ಲಿಯೇ ಬಿಟ್ಟಿದ್ದಾರೆ. ಹಾಗಾಗಿ ಬರೆಯುವ ಹಕ್ಕು ನನಗೆ ಬಂದಿದೆ.

ಲಾಯ ಇರುವುದು ಗದ್ದನಕೇರಿ ಕಡೆ, ಎರಡೂವರೆ ಎಕರೆ ಎರೆ ಹೊಲದಲ್ಲಿ. ಸವಾರಿ ಕಲಿಸುವುದಕ್ಕೆ ನನ್ನವೇ ನಾಲ್ಕೈದು ಕುದುರೆಗಳಿವೆ. ಉಳಿದವು ಬೇರೆಯವರವು: ನವನಗರದ ವೈದ್ಯರು, ಗುತ್ತಿಗೆದಾರರು ಮಕ್ಕಳಿಗೆಂದು ಕೊಂಡವು, ಮದುವೆ ಮೆರವಣಿಗೆಯ ಎರಡು ಬಿಳಿ ಕುದುರೆಗಳು, ಜಾತ್ರೆಗಳ ಹಂಗಾಮು ಮುಗಿದ ಮೇಲೆ ಬರುವ ಗಾಡಿ ಶರ್ಯತ್ತಿನ ಕುದುರೆಗಳು. ಒಂದಕ್ಕೆ ತಿಂಗಳಿಗೆ ಹನ್ನೆರಡು ಸಾವಿರದಷ್ಟು ತೆಗೆದುಕೊಳ್ಳುತ್ತೇನೆ. ಪುಣೆಯವರಿಗೆ ಇದು ಅಗ್ಗ, ನಮ್ಮೂರಿನವರಿಗೆ ದರೋಡೆ. ಧನುರ್ವಾತದ ಲಸಿಕೆ ಮತ್ತು ಗ್ಲ್ಯಾಂಡರ್ಸ್ ಎಂಬ ಅಂಟುರೋಗ ಇಲ್ಲವೆಂಬ ರಕ್ತಪರೀಕ್ಷೆಯ ವರದಿ ಕೈಗೆ ಬಾರದೆ ಒಂದು ಕುದುರೆಯೂ ಗೇಟು ದಾಟುವುದಿಲ್ಲ. ಇದರಲ್ಲಿ ನೆಂಟಸ್ತಿಕೆ ನಡೆಯುವುದಿಲ್ಲ.

ಮೊದಲಿನ ಪದ್ಧತಿ ನಿಮ್ಮಲ್ಲಿ ಹಲವರದ್ದೇ. ಎರಡು ಹೊತ್ತು ಬೇಯಿಸಿದ ಹುರುಳಿ, ಗೋಧಿ ಬೂಸಾ, ಒಂದಿಷ್ಟು ಬೆಲ್ಲ. ಸಂಜೆ ಏಳಕ್ಕೆ ಮೂರ್ನಾಲ್ಕು ಕಿಲೋ ಮೇವು ಹಾಕಿ ಬಾಗಿಲು ಮುಚ್ಚಿದರೆ ಮುಗಿಯಿತು. ಒಂಬತ್ತರ ಹೊತ್ತಿಗೆ ಗೋದಲಿ ಖಾಲಿ. ಅಲ್ಲಿಂದ ಬೆಳಗಿನ ಆರರ ತನಕ ಕುದುರೆ ಗೋಡೆ ನೋಡುತ್ತ ನಿಲ್ಲಬೇಕು. ಅದು ತಿನ್ನಲಿ ಬಿಡಲಿ, ಜಠರದಲ್ಲಿ ಆಮ್ಲ ಒಸರುತ್ತಲೇ ಇರುತ್ತದೆ. ಆ ಹಸಿದ ಹೊಟ್ಟೆಗೆ ಬೆಳಿಗ್ಗೆ ಒಂದೂವರೆ ಕಿಲೋ ದಾಣಿ, ಅಂದರೆ ಆ ಹುರುಳಿ, ಬೂಸಾದ ತಿನಿಸು, ಬೀಳುತ್ತದೆ. ನಮ್ಮಲ್ಲಿ ಶೂಲೆ ಕಾಣಿಸಿಕೊಂಡದ್ದೆಲ್ಲ ಒಂದೋ ನಸುಕಿನಲ್ಲಿ, ಇಲ್ಲವೇ ದಾಣಿ ತಿಂದ ಎರಡು ತಾಸಿನೊಳಗೆ. ಕುದುರೆಯನ್ನು ಬಲ್ಲ ವೈದ್ಯರು ಬೆಳಗಾವಿಯಿಂದ ಬರಬೇಕು, ಮೂರು ತಾಸಿನ ದಾರಿ. ಮೂಗಿನಿಂದ ನಳಿಗೆ ಇಳಿಸಿ ಪ್ಯಾರಾಫಿನ್ ಎಣ್ಣೆ ಬಿಟ್ಟು, ನೋವಿನ ಇಂಜೆಕ್ಷನ್ ಕೊಟ್ಟು, ಗಾಡಿ ಬಾಡಿಗೆ ಸೇರಿಸಿದರೆ ಒಂದು ರಾತ್ರಿಗೆ ಏಳೆಂಟು ಸಾವಿರ. ಒಬ್ಬರ ಮಾರವಾಡಿ ತಳಿಯ ಹೆಣ್ಣು ಕುದುರೆ ವೈದ್ಯರು ಬರುವುದರೊಳಗೆ ಸತ್ತಿತು. ಎರಡು ಲಕ್ಷ ಚಿಲ್ಲರೆ ಕೊಟ್ಟು ತಂದದ್ದು. ಮಾಲೀಕರು ಜಗಳ ಮಾಡಲಿಲ್ಲ, ಆರು ತಿಂಗಳು ಮಾತೂ ಆಡಲಿಲ್ಲ.

ಇಡೀ ರಾತ್ರಿ ಬಾಯಾಡಿಸುವಂತೆ ಮಾಡಬೇಕು, ಆದರೆ ಮೇವು ಸೂರೆ ಹೋಗಬಾರದು. ಬೇರೆ ದೇಶಗಳಲ್ಲಿ ಇದಕ್ಕೆಂದೇ ಬಲೆ ಮಾರುತ್ತಾರೆ: ಒಳಗೆ ಹುಲ್ಲು ತುಂಬಿದರೆ ಕುದುರೆ ಅದರ ಕಣ್ಣುಗಳಿಂದ ಸ್ವಲ್ಪ ಸ್ವಲ್ಪವೇ ಎಳೆದು ತಿನ್ನಬೇಕು. ತರಿಸಿ ನೋಡಿದೆ, ಒಂದಕ್ಕೆ ಎರಡು ಸಾವಿರದ ಮೇಲೆ ಬಿತ್ತು, ನಮ್ಮ ಶರ್ಯತ್ತಿನ ಗಂಡು ಕುದುರೆ ಅದನ್ನು ಒಂದೇ ವಾರದಲ್ಲಿ ಹರಿದು ಹಾಕಿತು. ಆಲಮಟ್ಟಿಯ ಹಿನ್ನೀರು ನಮ್ಮ ಊರನ್ನೇ ಅರ್ಧ ನುಂಗಿದೆ, ಆ ನೀರನ್ನು ನಂಬಿ ಬಲೆ ಹೆಣೆಯುವವರು ಪಕ್ಕದಲ್ಲಿಯೇ ಇರುವಾಗ ಹೊರಗಿನಿಂದ ಏಕೆ ತರಿಸಬೇಕು?

ಅವರು ಮೊದಲು ಕೊಟ್ಟದ್ದು ತಾವು ಬಳಸಿ ಬಿಟ್ಟ ಹಳೆಯ ಬಲೆ. ಕುದುರೆಗಳು ಅದರ ಹತ್ತಿರವೂ ಸುಳಿಯಲಿಲ್ಲ. ಮೀನಿನ ವಾಸನೆಗೆ ಮೇಲ್ದುಟಿ ಎತ್ತಿ ಹಲ್ಲು ಕಿರಿದು ಹಿಂದೆ ಸರಿದವು. ಬೇವಿನ ಸೊಪ್ಪಿನ ನೀರಿನಲ್ಲಿ ನೆನೆಸಿ ವಾರಗಟ್ಟಲೆ ಬಿಸಿಲಿಗೆ ಹಾಕಿದರೂ ಅಷ್ಟೇ. ಜೊತೆಗೆ ಆ ಸಣ್ಣ ನೈಲಾನ್ ಎಳೆ ತುಟಿಯನ್ನು ಕೊಯ್ಯುತ್ತಿತ್ತು. ಆಮೇಲೆ ಹೊಸದಾಗಿ ಹೆಣೆಸಿದೆ, ಮೂರು ಮಿಲಿಮೀಟರಿನಷ್ಟು ದಪ್ಪದ ಹುರಿಯಲ್ಲಿ. ಒಂದು ಅಂಗುಲದ ಕಣ್ಣು ಇಟ್ಟಾಗ ಕುದುರೆಗಳು ಸಿಟ್ಟಿಗೆದ್ದು ಬಲೆಯನ್ನು ಒದ್ದವು. ಮೂರು ಅಂಗುಲ ಇಟ್ಟರೆ ಎರಡು ತಾಸಿನಲ್ಲಿ ಎಲ್ಲ ಖಾಲಿ. ಈಗ ಇರುವುದು ಒಂದೂವರೆಯಿಂದ ಎರಡು ಅಂಗುಲದ ನಡುವೆ. ಸರಿಯಾದ ಅಳತೆ ನಿಮ್ಮ ಹುಲ್ಲಿನ ಉದ್ದವನ್ನು ಅವಲಂಬಿಸುತ್ತದೆ, ನೀವೇ ಕಂಡುಕೊಳ್ಳಿ. ಬಲೆ ಒಂದಕ್ಕೆ ಆರೇಳು ನೂರು ರೂಪಾಯಿ, ಒಂದು ವರ್ಷ ತಡೆಯುತ್ತದೆ.

ನೇತುಹಾಕುವುದನ್ನು ಬೇಗನೆ ಕೈಬಿಟ್ಟೆ. ಕುದುರೆ ತಲೆ ಎತ್ತಿ ತಿಂದರೆ ಧೂಳೆಲ್ಲ ಮೂಗಿಗೆ ಇಳಿಯುತ್ತದೆ. ಕೆಳಗೆ ಕಟ್ಟಿದರೆ ಖಾಲಿಯಾದ ಬಲೆ ಜೋತುಬಿದ್ದು ಲಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಹಿನ್ನೀರಿಗೆ ಬಿಟ್ಟುಕೊಟ್ಟ ಹಳೆಯ ಮನೆಗಳಿಂದ ಬಂದ ಕಲ್ಲಿನ ದೋಣಿಗಳು, ಅಂದರೆ ತೊಟ್ಟಿಗಳು, ಒಬ್ಬರ ಹಿತ್ತಲಿನಲ್ಲಿ ಬಿದ್ದಿದ್ದವು, ಸಾಗಿಸುವ ಖರ್ಚಿಗೆ ಸಿಕ್ಕವು. ಅವನ್ನು ಮಂಡಿಯೆತ್ತರದ ಕಟ್ಟೆಯ ಮೇಲೆ ಕೂರಿಸಿ, ಹುಲ್ಲು ತುಂಬಿ, ದೋಣಿಯ ಬಾಯಿಗೆ ಬಲೆ ಬಿಗಿಯುತ್ತೇವೆ. ಹುಲ್ಲು ತಗ್ಗಿದಂತೆಲ್ಲ ಬಲೆಯೂ ಅದರ ಜೊತೆಗೆ ಇಳಿಯುವ ಹಾಗೆ ಬಿಗಿಯುವುದಕ್ಕೆ ಒಂದು ಗಂಟು ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬಂದವರಿಗೆ ಚಹಾ ಕೊಟ್ಟು ತೋರಿಸುತ್ತೇನೆ.

ಹುಲ್ಲು ಖಾನಾಪುರದ ಕಡೆಯಿಂದ ಬರುತ್ತದೆ. ದೀಪಾವಳಿಯ ನಂತರ ಕೊಯ್ದು ಒಣಗಿಸಿದ್ದು, ಲಾರಿ ಬಾಡಿಗೆ ಸೇರಿ ಕಿಲೋಗೆ ಒಂಬತ್ತು ರೂಪಾಯಿಯಂತೆ ಬೀಳುತ್ತದೆ. "ಜೋಳದ ನಾಡಿನಲ್ಲಿದ್ದು ಹುಲ್ಲು ಕೊಳ್ಳುತ್ತೀರಾ?" ಎಂದು ಕೇಳದವರಿಲ್ಲ. ಹಿಂಗಾರಿ ಬಿಳಿಜೋಳದ ಒಣ ಕಣಕಿಯನ್ನು ನಾನೂ ಹಾಕುತ್ತೇನೆ, ಆದರೆ ಮೇವಿನ ಕಾಲು ಭಾಗ ಮೀರುವುದಿಲ್ಲ, ದಂಟು ತೆಗೆದು ಎಲೆಯ ಭಾಗವನ್ನಷ್ಟೇ. ಹಸಿ ಜೋಳ ನನ್ನ ಗೇಟಿನೊಳಗೆ ಬರುವುದೇ ಇಲ್ಲ. ಎಳೆ ಪೈರು ಮತ್ತು ಕೂಳೆಯ ಚಿಗುರು ದನಗಳಿಗೇ ವಿಷ. ಕುದುರೆಗಾದರೆ ಮೂತ್ರಕೋಶ ಕೆಟ್ಟು ಹಿಂಗಾಲು ತೂರಾಡತೊಡಗುತ್ತದೆ. ನೇಪಿಯರ್ ಹುಲ್ಲನ್ನೂ ಬಿಟ್ಟಿದ್ದೇನೆ: ಅದರಲ್ಲಿನ ಆಕ್ಸಲೇಟ್ ಎಂಬ ಅಂಶ ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೂಸಾದಲ್ಲಿ ರಂಜಕ ಹೆಚ್ಚು, ಎರಡೂ ಸೇರಿದರೆ ಕುದುರೆಯ ಮುಖದ ಮೂಳೆ ಊದಿಕೊಳ್ಳುತ್ತದೆ. ನಾಲ್ಕು ಗುಂಟೆಯಲ್ಲಿ ಕುದುರೆ ಮೆಂತೆ (ಲೂಸರ್ನ್) ಬೆಳೆದು ದಿನವೂ ಒಂದಿಷ್ಟು ಕೊಟ್ಟರೆ ಸುಣ್ಣದ ಕೊರತೆ ತಗ್ಗುತ್ತದೆ.

ಬಲೆ ಬಂದ ಮೇಲೂ ಶೂಲೆ ಪೂರ್ತಿ ನಿಲ್ಲಲಿಲ್ಲ. ನಕ್ಕವರಿಗೆ ಅದು ಹಬ್ಬ. ಕಾರಣ ನೆಲದಲ್ಲಿತ್ತು. ಮೇವಿನ ಜಾಗಕ್ಕೆಲ್ಲ ಏಳೆಂಟು ಬ್ರಾಸ್ ಮರಳು ಹಾಸಲಾಗಿತ್ತು, ಮೆತ್ತಗಿರಲಿ ಎಂದು. ಉದುರಿದ ಹುಲ್ಲನ್ನು ಆಯುವಾಗ ಕುದುರೆಗಳು ಮರಳನ್ನೂ ನುಂಗುತ್ತಿದ್ದವು. ಒಂದು ಹಿಡಿ ಲದ್ದಿಯನ್ನು ಪಾರದರ್ಶಕ ಬಾಟಲಿಯ ನೀರಿನಲ್ಲಿ ಕದಡಿ ಹತ್ತು ನಿಮಿಷ ಬಿಡಿ: ತಳದಲ್ಲಿ ಮರಳು ಕೂರುತ್ತದೆ. ನಮ್ಮದರಲ್ಲಿ ಒಂದು ಬೆರಳಿನಷ್ಟು ಕೂತಿತು. ಮರಳನ್ನು ಸವಾರಿಯ ಅಂಗಳಕ್ಕೆ ಸಾಗಿಸಿ, ದೋಣಿಗಳ ಸುತ್ತ ಫರಸಿ ಕಲ್ಲು ಹಾಸಿಸಿದೆ. ನಲವತ್ತು ಸಾವಿರ ಹೋಯಿತು. ಆಮೇಲೆ ನಿಂತದ್ದು ನಿಂತೇಬಿಟ್ಟಿತು.

ಹುರುಳಿಯನ್ನು ಇಳಿಸುವಾಗ ಆದ ಗಲಾಟೆಯನ್ನು ಹೇಳಲೇಬೇಕು. ನಮ್ಮಲ್ಲಿ ಕುದುರೆ ನೋಡಿಕೊಳ್ಳುವ ಕಾಕಾ ಟಾಂಗಾ ಕಾಲದಿಂದ ಲಾಯದಲ್ಲಿಯೇ ಬೆಳೆದವರು. "ಸಾಹೇಬರೇ, ಹುರುಳಿ ಇಲ್ಲದ ಕುದುರೆಗೂ ಕತ್ತೆಗೂ ಏನು ವ್ಯತ್ಯಾಸ?" ಎಂದು ಎರಡು ದಿನ ಕೆಲಸಕ್ಕೇ ಬರಲಿಲ್ಲ. ಶರ್ಯತ್ತಿನವರಂತೂ ಮೊಟ್ಟೆ, ಹಾಲು, ಬಾದಾಮಿ ಎಂದೆಲ್ಲ ಡಬ್ಬಿಗಳನ್ನೇ ಹೊತ್ತು ತರುತ್ತಾರೆ. ಮುಧೋಳದ ಕಡೆಯ ಒಬ್ಬರ ಜೊತೆ ಒಪ್ಪಂದ ಮಾಡಿಕೊಂಡೆ: ಮೂರು ತಿಂಗಳು ಕುದುರೆ ನನ್ನ ಪದ್ಧತಿಯಲ್ಲಿ ಇರಲಿ, ಸೊರಗಿದರೆ ಬಾಡಿಗೆ ಬೇಡ. ಮೂರು ಕಿಲೋ ದಾಣಿಯನ್ನು ಒಂದು ತಿಂಗಳಲ್ಲಿ ಹಂತಹಂತವಾಗಿ ಒಂದು ಕಿಲೋಗೆ ಇಳಿಸಿದೆ, ಅದನ್ನೂ ಮೂರು ಪಾಲು ಮಾಡಿ, ಯಾವಾಗಲೂ ಹುಲ್ಲು ತಿಂದ ಮೇಲೆಯೇ. ಓಟದ ತಿಂಗಳುಗಳಲ್ಲಿ ಸ್ವಲ್ಪ ಏರಿಸುತ್ತೇನೆ, ಎಷ್ಟು ಮತ್ತು ಯಾವಾಗ ಎಂಬುದು ನನ್ನಲ್ಲಿಯೇ ಇರಲಿ. ಬನಶಂಕರಿ ಜಾತ್ರೆಯ ನಂತರದ ಹಂಗಾಮಿನಲ್ಲಿ ಆ ಕುದುರೆ ಎರಡು ಕಡೆ ಬಹುಮಾನ ಹೊಡೆಯಿತು. ಅವರು ಬಾಡಿಗೆಯನ್ನೂ ಕೊಟ್ಟರು, ಮೇಲೊಂದು ಪೇಟ ಸುತ್ತಿದರು. ಕಾಕಾ ಈಗ ಆ ಪದ್ಧತಿ ತಮ್ಮದೇ ಎಂದು ಬಂದವರಿಗೆ ಹೇಳುತ್ತಾರೆ. ಹೇಳಿಕೊಳ್ಳಲಿ.

ರಾತ್ರಿಯೂ ಬಾಗಿಲು ತೆರೆದಿಟ್ಟು ಕುದುರೆಗಳನ್ನು ಅಡ್ಡಾಡಲು ಬಿಡುವುದು ಇದಕ್ಕಿಂತ ಕಷ್ಟದ ಮಾತು. ಬೇರೆ ಬೇರೆ ಮನೆಗಳ ಕುದುರೆಗಳನ್ನು ಒಂದೇ ಬಯಲಿಗೆ ಬಿಟ್ಟರೆ ಒದೆತ ಖಚಿತ ಎಂದು ಮಾಲೀಕರು ಹೆದರುತ್ತಾರೆ, ಅದು ಸುಳ್ಳೂ ಅಲ್ಲ. ಮೊದಲ ತಿಂಗಳಲ್ಲಿ ಎರಡು ಕುದುರೆಗಳಿಗೆ ಹೊಲಿಗೆ ಬಿತ್ತು. ಈಗ ಹೊಸ ಕುದುರೆ ಬಂದರೆ ಹಿಂಗಾಲಿನ ಲಾಳ ಮೊದಲು ಕಳಚುತ್ತೇವೆ. ಎರಡು ವಾರದಷ್ಟು ಬೇಲಿಯಾಚೆ ನಿಲ್ಲಿಸಿ, ಆಮೇಲೆ ಒಂದೇ ಒಂದು ಕುದುರೆಯ ಜೊತೆ ಬಿಡುತ್ತೇವೆ. ಆ ಕೆಲಸಕ್ಕೆ ಮಹಾರಾಷ್ಟ್ರದ ಸಾರಂಗಖೇಡದ ಕುದುರೆ ಜಾತ್ರೆಯಲ್ಲಿ ಕೊಂಡ ಒಂದು ಹೆಣ್ಣು ಕುದುರೆ ಇದೆ. ಸುಳಿ ಸರಿಯಿಲ್ಲ, ಮನೆಗೆ ಆಗುವುದಿಲ್ಲ ಎಂದು ಯಾರೂ ಮುಟ್ಟದೆ ಬಿಟ್ಟದ್ದು. ಕೇಳಿದ ಬೆಲೆಯ ಅರ್ಧಕ್ಕೆ ಸಿಕ್ಕಿತು. ಅದರಷ್ಟು ಸಮಾಧಾನದ ಪ್ರಾಣಿಯನ್ನು ನಾನು ಕಂಡಿಲ್ಲ. ಸುಳಿ ನೋಡಿ ಕೊಳ್ಳುವವರು ಇನ್ನಷ್ಟು ಜನ ಇರಲಿ, ನನಗೆ ಲಾಭ. ಇನ್ನು ಬೇಲಿಗೆ ಮುಳ್ಳುತಂತಿ ಬೇಡವೇ ಬೇಡ, ಮೂಲೆಗಳನ್ನು ದುಂಡಗೆ ತಿರುಗಿಸಿ. ಕುದುರೆಗಳಿಗಿಂತ ದೋಣಿಗಳು ಯಾವಾಗಲೂ ಎರಡು ಹೆಚ್ಚಿರಲಿ, ಜಗಳದ ಮುಕ್ಕಾಲು ಪಾಲು ಅಲ್ಲಿಗೇ ಮುಗಿಯುತ್ತದೆ. ಮಳೆ ಬಿದ್ದಾಗ ಎರೆ ಮಣ್ಣು ಮಂಡಿಯ ತನಕ ಹಿಡಿಯುತ್ತಿತ್ತು. ಕುದುರೆಗಳು ಹೆಚ್ಚು ಓಡಾಡುವ ಪಟ್ಟಿಗೆ ಗರಸು ಹೊಡೆಸಿ ದಮ್ಮಸು ಮಾಡಿಸಿದ ಮೇಲೆ ಗೊರಸು ಕೊಳೆಯುವುದು ತಗ್ಗಿತು. ಬೇಲಿ, ಗರಸು ಎಲ್ಲ ಸೇರಿ ಎರಡು ಲಕ್ಷ ದಾಟಿತು.

ನಡುವೆ ಕೆಲವು ಆಟಗಳನ್ನೂ ಆಡಿದ್ದೇನೆ. ಮಣ್ಣಿಲ್ಲದೆ ತಟ್ಟೆಯಲ್ಲಿ ಮೆಕ್ಕೆಜೋಳದ ಮೊಳಕೆ ಬೆಳೆಯುವ ಯಂತ್ರಕ್ಕೆ ಮೂವತ್ತು ಸಾವಿರ ಸುರಿದೆ, ನಮ್ಮ ಸೆಕೆಗೆ ನಾಲ್ಕನೆಯ ದಿನವೇ ಬೂಸು ಹಿಡಿಯಿತು. ಅದರ ತಟ್ಟೆಗಳಲ್ಲಿ ಈಗ ಕೋಳಿಗಳು ನೀರು ಕುಡಿಯುತ್ತವೆ. ಕಾರ್ಖಾನೆಗಳು ಕಬ್ಬು ಅರೆಯುವ ಕಾಲದಲ್ಲಿ ಕಬ್ಬಿನ ಸೋಗೆ ಬಿಟ್ಟಿ ಸಿಗುತ್ತದೆಂದು ಹಾಕಿ ನೋಡಿದೆ, ರಾಶಿ ಹಾಕಿದ್ದು ಒಂದೇ ದಿನದಲ್ಲಿ ಬಿಸಿಯೇರಿ ಹುಳಿ ಬಂತು, ಲದ್ದಿ ಸಡಿಲವಾಯಿತು, ಬಿಟ್ಟೆ. ಕೆಂಟ್ ತಳಿಯ ಓಟ್ಸ್ ಮೇವನ್ನು ನವೆಂಬರಿನಲ್ಲಿ ಬಿತ್ತಿದ್ದು ಮಾತ್ರ ಗೆದ್ದಿತು, ಆದರೆ ನೀರು ಬಹಳ ಬೇಕು, ನಮ್ಮ ಬೋರಿನಲ್ಲಿ ಫೆಬ್ರವರಿಗೇ ಉಸಿರು ಕಟ್ಟುತ್ತದೆ. ಉಪ್ಪಿನ ವಿಷಯದಲ್ಲಿ ದುಬಾರಿ ನೆಕ್ಕುಗಲ್ಲಿಗೂ ಅಂಗಡಿಯ ಹರಳುಪ್ಪಿಗೂ ನನಗೆ ವ್ಯತ್ಯಾಸ ಕಾಣಲಿಲ್ಲ. ದಿನಕ್ಕೆರಡು ಚಮಚ ಹರಳುಪ್ಪು ದಾಣಿಯಲ್ಲಿ ಹೋದರೆ ಬೇಸಿಗೆಯಲ್ಲಿ ನಲವತ್ತು ಲೀಟರಿನ ಮೇಲೆ ನೀರು ಕುಡಿಯುತ್ತವೆ, ನೀರು ನೆರಳಿನಲ್ಲಿದ್ದರೆ ಮಾತ್ರ.

ಲೆಕ್ಕ ಹೇಳುತ್ತೇನೆ, ಪುಸ್ತಕ ತೆಗೆಯದೆ. ಮೊದಲು ಒಂದು ಕುದುರೆಗೆ ದಿನಕ್ಕೆ ಹುಲ್ಲು, ದಾಣಿ ಸೇರಿ ಇನ್ನೂರು ರೂಪಾಯಿ ಮೇಲಾಗುತ್ತಿತ್ತು. ಈಗ ಹುಲ್ಲು ಎಂಟೊಂಬತ್ತು ಕಿಲೋಗೆ ಏರಿದರೂ ನೂರನಲವತ್ತರ ಒಳಗೆ ಮುಗಿಯುತ್ತದೆ. ಹನ್ನೆರಡು ಕುದುರೆಗಳ ಮೇಲೆ ತಿಂಗಳಿಗೆ ಇಪ್ಪತ್ತು ಇಪ್ಪತ್ತೈದು ಸಾವಿರ ಉಳಿಯುತ್ತದೆ. ಬೇಲಿಯ ಹಣ ಒಂದು ವರ್ಷದೊಳಗೇ ಮರಳಿತು. ಲದ್ದಿಯನ್ನು ದಾಳಿಂಬೆ ತೋಟದವರು ಟ್ರ್ಯಾಕ್ಟರಿಗಿಷ್ಟು ಎಂದು ಒಯ್ಯುತ್ತಾರೆ, ಇಬ್ಬರು ಆಳುಗಳ ಚಹಾ, ಬೀಡಿಯ ಖರ್ಚು ಅದರಲ್ಲಿ ಕಳೆಯುತ್ತದೆ.

ತೊಂದರೆ ಒಂದು ಉಳಿದಿದೆ. ಮಕ್ಕಳಿಗೆಂದು ಇಟ್ಟ ಭೀಮಥಡಿ ತಳಿಯ ಗಿಡ್ಡ ಕುದುರೆಗಳು ಇಷ್ಟು ಮೇವಿಗೆ ಬೊಜ್ಜು ಬೆಳೆಸುತ್ತವೆ, ಜೀನಿನ ಪಟ್ಟಿ ಎರಡು ತೂತು ಸಡಿಲಿಸಬೇಕಾಯಿತು. ಬೊಜ್ಜು ಬಂದ ಗಿಡ್ಡ ಕುದುರೆಗೆ ಗೊರಸಿನೊಳಗಿನ ಉರಿಯೂತದ ಅಪಾಯ ಹೆಚ್ಚು. ಅವುಗಳ ದೋಣಿಗೆ ಈಗ ಬಲೆಯ ಮೇಲೆ ಬಲೆ ಹಾಕಿ ನೋಡುತ್ತಿದ್ದೇನೆ, ಹುಲ್ಲನ್ನು ಅರ್ಧ ತಾಸು ನೀರಿನಲ್ಲಿ ನೆನೆಸಿ ಸಿಹಿ ತೊಳೆದು ಹಾಕುವುದನ್ನೂ ಶುರು ಮಾಡಿದ್ದೇನೆ. ಫಲ ಕಂಡರೆ ಮುಂದಿನ ಬೇಸಿಗೆಯ ನಂತರ ಬರೆಯುತ್ತೇನೆ. ಬಲೆ ಬೇಕಾದವರು ಜೂನ್ ಹೊತ್ತಿಗೆ ಹೇಳಿಬಿಡಿ. ಮಳೆಗಾಲ ಶುರುವಾದಾಗ ನಮ್ಮ ಮೀನುಗಾರರಿಗೆ ಬಿಡುವು ಇರುತ್ತದೆ, ಹಿನ್ನೀರು ತುಂಬಿ ದೋಣಿ ಇಳಿಸಿದರೆಂದರೆ ಸಂಕ್ರಾಂತಿಯ ತನಕ ಅವರು ಕೈಗೆ ಸಿಗುವುದಿಲ್ಲ.