ಲೋವರ್ ಆರ್ಮ್ ಬೋಲ್ಟ್: ಎಷ್ಟು ಟೈಟ್, ಯಾವಾಗ ಟೈಟ್

ಕೋಲಾರದ ಕಡೆ ಕಾರು ಇಟ್ಟವರಿಗೆ ಸಸ್ಪೆನ್ಷನ್ ಸದ್ದು ಹೊಸದಲ್ಲ. ಹೆದ್ದಾರಿ ನುಣ್ಣಗಿದೆ, ನಿಜ. ಅದರಿಂದ ಇಳಿದು ಶ್ರೀನಿವಾಸಪುರದ ಮಾವಿನ ತೋಟಗಳ ಕಡೆಗೋ ಜಲ್ಲಿ ಲಾರಿ ಓಡಾಡುವ ರಸ್ತೆಗೋ ತಿರುಗಿದರೆ ಹಂಪು, ಗುಂಡಿ ಎರಡೂ ಕಾದಿರುತ್ತವೆ. ನನ್ನ ಹಳೇ ಹ್ಯಾಚ್‌ಬ್ಯಾಕ್ ಮುಂದಿನ ಎಡಗಡೆಯಿಂದ ಪ್ರತಿ ಹಂಪಿಗೂ ‘ಟಕ್’ ಅನ್ನುತ್ತಿತ್ತು. ಬಗ್ಗಿ ನೋಡಿದರೆ ಲೋವರ್ ಆರ್ಮ್, ಅಂದರೆ ಚಕ್ರವನ್ನು ಗಾಡಿಯ ಅಡಿಭಾಗಕ್ಕೆ ಸೇರಿಸುವ ಕೆಳಗಿನ ತೋಳಿನ ಬುಷ್ ಹರಿದಿದೆ. ಅದನ್ನು ಗ್ಯಾರೇಜಿನಲ್ಲಿ ಬದಲಾಯಿಸಿ ವರ್ಷವೂ ತುಂಬಿರಲಿಲ್ಲ. ಬುಷ್ ಒಳ್ಳೆಯದೇ. ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿ, ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟ್ ಬಿಗಿದಿದ್ದರು. ಈ ಸಲ ನಾನೇ ಕೆಲಸಕ್ಕೆ ಕೂತೆ.

ಜೋತಾಡುವಾಗ ಬಿಗಿದರೆ ಏನಾಗುತ್ತದೆ? ಬುಷ್ ಅಂದರೆ ಎರಡು ಕಬ್ಬಿಣದ ಕೊಳವೆ, ನಡುವೆ ಅಂಟಿಕೊಂಡ ರಬ್ಬರ್. ಬೋಲ್ಟ್ ಬಿಗಿದಾಗ ಒಳಗಿನ ಕೊಳವೆ ಬ್ರಾಕೆಟ್‌ಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಅದು ತಿರುಗುವುದಿಲ್ಲ. ಆರ್ಮ್ ಮೇಲೆ ಕೆಳಗೆ ಆಡುವಾಗ ತಿರುಚಿಕೊಳ್ಳುವುದು ರಬ್ಬರ್ ಮಾತ್ರ. ಚಕ್ರ ಕೆಳಗೆ ಜೋತಿರುವಾಗ ಬಿಗಿದು, ಆಮೇಲೆ ಗಾಡಿಯನ್ನು ನೆಲಕ್ಕಿಳಿಸಿದರೆ ರಬ್ಬರ್ ನಿಂತಲ್ಲೇ ತಿರುಚಿಕೊಂಡಿರುತ್ತದೆ. ಹಂಪು ಬಂದಾಗ ಇನ್ನಷ್ಟು ತಿರುಚುತ್ತದೆ. ಬೇಗ ಹರಿಯದೆ ಇನ್ನೇನು? ಟಾರ್ಕ್ ಅಂದರೆ ತಿರುಗಿಸುವ ಬಲ; ಇಟ್ಟ ನಂಬರಿಗೆ ಅದು ಬಂದಾಗ ‘ಕ್ಲಿಕ್’ ಅನ್ನುವ ಟಾರ್ಕ್ ರೆಂಚ್ ಇಟ್ಟು ಕರಾರುವಾಕ್ಕಾಗಿ ಬಿಗಿದರೂ ಇದು ತಪ್ಪುವುದಿಲ್ಲ.

ಅದಕ್ಕೇ ನನ್ನ ಮೊದಲ ಕೆಲಸ ಟೇಪ್ ಹಿಡಿಯುವುದು. ಗಾಡಿ ಸಮ ನೆಲದ ಮೇಲೆ ನಿಂತಿರುವಾಗ ಚಕ್ರದ ನಡುಮಧ್ಯದಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದುಕೊಂಡೆ. ಆಮೇಲೆ ಜ್ಯಾಕ್, ಸ್ಟ್ಯಾಂಡ್, ಹಿಂದಿನ ಚಕ್ರಕ್ಕೆ ಅಡ್ಡ. ಸ್ಟ್ಯಾಂಡ್ ಇಲ್ಲದೆ ಬರೀ ಜ್ಯಾಕ್ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ. ಇಟ್ಟಿಗೆ, ಕಲ್ಲು ಜೋಡಿಸಿ ಅದರ ಮೇಲೆ ನಿಲ್ಲಿಸುವುದೂ ಬೇಡ, ಭಾರಕ್ಕೆ ಒಡೆಯುತ್ತವೆ.

ಹೊಸ ಆರ್ಮ್ ಕೂರಿಸಿ, ಬುಷ್ ಬೋಲ್ಟ್‌ಗಳನ್ನು ಸುಮ್ನೆ ಕೈಯಲ್ಲಿ ತಿರುಗಿಸಿ ಬಿಟ್ಟೆ. ಬಾಲ್ ಜಾಯಿಂಟ್, ಲಿಂಕ್ ರಾಡ್ ನಟ್‌ಗಳಿಗೆ ಈ ಕಾಯುವ ಕೆಲಸವಿಲ್ಲ, ಅವು ತಿರುಗುವ ಜಾಯಿಂಟ್. ಆಗಲೇ ಟಾರ್ಕ್ ಕೊಟ್ಟೆ. ನಂತರ ಚಕ್ರ ಹಾಕಿ, ಅದರ ಕೆಳಗೆ ದಪ್ಪ ಹಲಗೆ ಇಟ್ಟು, ಗಾಡಿಯ ಭಾರ ಪೂರ್ತಿ ಚಕ್ರದ ಮೇಲೆ ಬರುವಂತೆ ಇಳಿಸಿದೆ. ಒಂದೆರಡು ಸಲ ಬಾನೆಟ್ ಒತ್ತಿ ಬಿಟ್ಟು, ಮತ್ತೆ ಟೇಪ್ ಹಿಡಿದೆ. ಮೊದಲಿನ ಅಳತೆ ಬಂತು. ಕೆಳಗೆ ಕೈ ಹೋಗುವಷ್ಟು ಜಾಗ ಹಲಗೆಯಿಂದ ಸಿಕ್ಕಿತ್ತು. ಆಗ ಮಾತ್ರ ಟಾರ್ಕ್ ರೆಂಚ್ ತೆಗೆದೆ.

ಪಕ್ಕದ ಬೀದಿಯ ಮೆಕ್ಯಾನಿಕ್ ಅಣ್ಣ ಬಂದು ನೋಡಿ ನಕ್ಕರು. “ಇದಕ್ಕೆಲ್ಲ ಮೀಟರ್ ಯಾಕೆ ಸಾರ್? ಕೈಗೇ ಗೊತ್ತಾಗುತ್ತೆ.” ಅವರ ಕೈಗೆ ಗೊತ್ತಾಗಬಹುದು, ನನ್ನ ಕೈಗೆ ಗೊತ್ತಾಗಲ್ಲ. ಅರ್ಧ ಮೀಟರ್ ಉದ್ದದ ಹಿಡಿಯ ತುದಿಯಲ್ಲಿ 20 ಕೆಜಿ ಬಲ ಹಾಕಿದರೆ 10 ಕೆಜಿ-ಮೀಟರ್, ಅಂದರೆ ಸುಮಾರು 98 ನ್ಯೂಟನ್ ಮೀಟರ್. ಹಿಡಿಗೆ ಪೈಪ್ ಸೇರಿಸಿ ಒಂದು ಮೀಟರ್ ಮಾಡಿದರೆ ಅದೇ ಬಲಕ್ಕೆ ಅದು ದುಪ್ಪಟ್ಟು. ಪೈಪ್ ಹಾಕಿ ಬಿಗಿಯುವವರು ಇದನ್ನು ಲೆಕ್ಕ ಹಾಕಿರುತ್ತಾರಾ?

ಬೋಲ್ಟ್ ಬಿಗಿದಾಗ ಒಂಚೂರು ಹಿಗ್ಗುತ್ತದೆ. ಹಿಗ್ಗಿದ ಸ್ಪ್ರಿಂಗ್ ಹಾಗೆ ಎರಡೂ ಕಡೆಯನ್ನು ಎಳೆದು ಹಿಡಿಯುತ್ತದೆ. ನಮಗೆ ಬೇಕಾದದ್ದು ಈ ಹಿಡಿತ. ಆದರೆ ನಾವು ಹಾಕುವ ಟಾರ್ಕಿನಲ್ಲಿ ಸುಮಾರು ಶೇ. 10ರಷ್ಟು ಮಾತ್ರ ಹಿಡಿತವಾಗುತ್ತದೆ. ಉಳಿದದ್ದನ್ನು ಬೋಲ್ಟ್ ತಲೆಯ ಕೆಳಗಿನ ಮತ್ತು ಥ್ರೆಡ್ಡಿನ ಘರ್ಷಣೆ ತಿಂದುಬಿಡುತ್ತದೆ. ಹಾಗಾಗಿ ಥ್ರೆಡ್ಡಿನ ಸ್ಥಿತಿ ಬದಲಾದರೆ ಲೆಕ್ಕವೇ ತಲೆಕೆಳಗು. ತುಕ್ಕು, ಮಣ್ಣು ಇದ್ದರೆ ರೆಂಚ್ ‘ಕ್ಲಿಕ್’ ಅಂದರೂ ಹಿಡಿತ ಕಮ್ಮಿ. ಗ್ರೀಸ್ ಹಚ್ಚಿದರೆ ಅದೇ ನಂಬರಿಗೆ ಬೋಲ್ಟ್ ಜಾಸ್ತಿ ಹಿಗ್ಗಿ ಹಾಳಾಗಬಹುದು. ನಾನು ವೈರ್ ಬ್ರಷ್‌ನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಒಣಗಿದ ಥ್ರೆಡ್‌ಗೇ ಬಿಗಿದೆ. ಗಾಡಿಯ ಸರ್ವಿಸ್ ಪುಸ್ತಕ ಎಣ್ಣೆ ಹಚ್ಚಿ ಅಂದಿದ್ದರೆ ಮಾತ್ರ ಹಚ್ಚಬೇಕು.

ನಂಬರ್ ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನದ್ದೇ ಆಗಬೇಕು. ನನ್ನದನ್ನು ಬೇಕೆಂದೇ ಬರೆದಿಲ್ಲ. ಯೂನಿಟ್ ಕಡೆ ಗಮನ ಇರಲಿ. 100 ಫುಟ್-ಪೌಂಡ್ ಅಂದರೆ 136 ನ್ಯೂಟನ್ ಮೀಟರ್, ಒಂದರ ಜಾಗದಲ್ಲಿ ಇನ್ನೊಂದನ್ನು ಓದಿದರೆ ಬೋಲ್ಟ್ ಗತಿ ಅಷ್ಟೇ. ಕೆಲವು ಬೋಲ್ಟ್‌ಗೆ ಟಾರ್ಕ್ ಕೊಟ್ಟ ಮೇಲೆ ಇನ್ನೂ 90 ಡಿಗ್ರಿ ತಿರುಗಿಸಿ ಅಂತ ಇರುತ್ತದೆ. ಸಾಮಾನ್ಯವಾಗಿ ಅಂಥವನ್ನು ಬಿಚ್ಚಿದ ಮೇಲೆ ಹೊಸದು ಹಾಕಬೇಕು. ನೈಲಾನ್ ಉಂಗುರದ ಲಾಕ್ ನಟ್ ಕೂಡ ಹಾಗೇ. ಹತ್ತಿಪ್ಪತ್ತು ರೂಪಾಯಿ ನಟ್‌ನಲ್ಲಿ ಉಳಿತಾಯ ಮಾಡುವುದು ಜಿಪುಣತನವೂ ಅಲ್ಲ, ಹುಚ್ಚು. ಸ್ಪ್ಲಿಟ್ ಪಿನ್ ಇರುವ ನಟ್‌ನಲ್ಲಿ ತೂತು ಸರಿಯಾಗಿ ಕೂರದಿದ್ದರೆ ಮುಂದಿನ ತೂತಿಗೆ ಬಿಗಿಯಬೇಕು, ಸಡಿಲ ಮಾಡಿ ಕೂರಿಸಬಾರದು.

ರೆಂಚ್ ಹಿಡಿಯುವುದರಲ್ಲೂ ಕೆಲವು ವಿಷಯ ಇವೆ. ಹಿಡಿಯ ನಡುವೆ ಹಿಡಿದು, ಜರ್ಕ್ ಇಲ್ಲದೆ ನಿಧಾನಕ್ಕೆ ಎಳೆಯಬೇಕು. ಕ್ಲಿಕ್ ಬಂದ ಕೂಡಲೇ ನಿಲ್ಲಬೇಕು. ಇನ್ನೊಂದು ಸಲ ‘ಯಾವುದಕ್ಕೂ ಇರಲಿ’ ಅಂತ ಎಳೆದರೆ ಜಾಸ್ತಿಯಾಗುತ್ತದೆ. ಟಾರ್ಕ್ ರೆಂಚಿನಿಂದ ಬೋಲ್ಟ್ ಬಿಚ್ಚಬಾರದು, ಅದಕ್ಕೆ ಬೇರೆ ಹ್ಯಾಂಡಲ್ ಇದೆ. ಕೆಲಸ ಮುಗಿದ ಮೇಲೆ ಕನಿಷ್ಠ ನಂಬರಿಗೆ ಇಳಿಸಿ ಡಬ್ಬಿಯಲ್ಲಿಡಬೇಕು. ಬಿಗಿದ ಪ್ರತಿ ಬೋಲ್ಟಿಗೂ ಬಿಳಿ ಪೇಂಟಿನ ಗೆರೆ ಎಳೆದೆ. ಸಡಿಲವಾಗಿ ತಿರುಗಿದರೆ ಗೆರೆ ಮುರಿದು ಕಾಣುತ್ತದೆ.

ಕೊನೆಗೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿಪಡಿಸುವುದು. ಆರ್ಮ್ ಬಿಚ್ಚಿದ ಮೇಲೆ ಅದು ಬೇಕೇ ಬೇಕು. ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಜೋಡಿ) ಬೋಲ್ಟ್ ಮುಟ್ಟಿದ್ದರಂತೂ ಬಿಡಲೇಬಾರದು. ಟೈರ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಗಾಳಿ ಗನ್ನಿನಿಂದ ವೀಲ್ ನಟ್ ಬಿಗಿದು, ಆಮೇಲೆ ಟಾರ್ಕ್ ರೆಂಚ್ ಇಟ್ಟು ‘ಕ್ಲಿಕ್’ ಅನ್ನಿಸಿ ತೋರಿಸುತ್ತಾರೆ. ಅದು ನಮ್ಮ ಸಮಾಧಾನಕ್ಕೆ ಅಷ್ಟೇ ಅಲ್ವಾ? ಕ್ಲಿಕ್ ಹೇಳುವುದು ‘ಇದಕ್ಕಿಂತ ಕಮ್ಮಿ ಇಲ್ಲ’ ಅಂತ ಮಾತ್ರ. ಗನ್ ಮೊದಲೇ ಎಷ್ಟು ಜಾಸ್ತಿ ಬಿಗಿದಿದೆ ಅಂತ ಅದು ಹೇಳಲ್ಲ. ನಾನು ಕೈ ಸ್ಪ್ಯಾನರ್‌ನಲ್ಲೇ ಕೂರಿಸಿ ಅಂತ ಕೇಳಿಕೊಂಡೆ. ಆಮೇಲೆ ಅವರ ಎದುರೇ ನನ್ನ ರೆಂಚ್ ತೆಗೆದು ಒಂದು ಬಿಟ್ಟು ಒಂದರಂತೆ ಎದುರುಬದುರು ಬಿಗಿದೆ.